ಓರೆಯಾಗಿ ಕೊಯ್ದ ಹರಳು

"ಇದನ್ನ ಓರೆಯಾಗಿ ಕೊಯ್ದುಬಿಟ್ಟಿದ್ದೀರಲ್ರೀ," ಎಂದಳು ಅವಳು, ಹಸಿರು ಹರಳಿನ ಬಿಲ್ಲೆಯನ್ನು ದೀಪಕ್ಕೆ ಹಿಡಿದು. ಅನಿಲದ ಒತ್ತಡದಿಂದ ಹರಳಿಗೆ ಗುಂಡು ಹೊಡೆಯುವ ಗ್ಯಾಸ್ ಗನ್ನಿನ ಇಂಜಿನಿಯರ್ ಅವಳು. ಲ್ಯಾಬಿಗೆ ಹರಳು ಕೊಯ್ದುಕೊಡುವವನ ಮೇಲೆ ಅವಳಿಗೆ ಮೊದಲ ದಿನ ಹುಟ್ಟಿದ್ದು ಪ್ರೀತಿಯಲ್ಲ, ಸಿಟ್ಟು.

"ಬೇಕಂತಲೇ ಕೊಯ್ದಿದ್ದು, ಮೇಡಂ. ಈ ಕಡೆಯಿಂದ ಹೊಡೆದ್ರೆ ಒಳಗಿನ ರಚನೆ ಬೇಗ ಬದಲಾಗುತ್ತೆ ಅಂತ ನನ್ನ ಲೆಕ್ಕ."

ಅವನ ರೆಪ್ಪೆಯ ಮೇಲೂ ಹಸಿರು ಪುಡಿ ಕೂತಿತ್ತು. ಬೈಯಲು ಬಂದವಳು ಅದನ್ನೇ ನೋಡುತ್ತ ನಿಂತಳು. ಅವನೂ ನೋಡಿದ. ಅಲ್ಲಿಗೆ ಜಗಳದ ಕಥೆ ಮುಗಿಯಿತು.

ಇಬ್ಬರೂ ಮದುವೆಯಾಗಲು ಹೊರಟ ಸುದ್ದಿ ಲ್ಯಾಬಿಗೆಲ್ಲ ಗೊತ್ತಾದ ಮೇಲೆ ಕೊನೆಗೆ ಗೊತ್ತಾದದ್ದು ಲ್ಯಾಬಿನ ಮುಖ್ಯಸ್ಥನಿಗೆ, ಅಂದರೆ ಅವಳ ಸ್ವಂತ ಅಣ್ಣನಿಗೆ. ಗುಂಡು ಬಡಿದರೆ ಹರಳು ಅದುಮಿಕೊಳ್ಳುತ್ತದೆ, ನಿಜ. ಆದರೆ ರೆಪ್ಪೆ ಮಿಟುಕಿಸುವಷ್ಟೂ ಪುರುಸೊತ್ತಿಲ್ಲದೆ ಅದರ ಪರಮಾಣುಗಳು ಹಳೆಯ ಸಾಲು ಬಿಟ್ಟು ಹೊಸ ರಚನೆಗೆ ಬರುತ್ತವೆಯೇ? ಸಾಧ್ಯವೇ ಇಲ್ಲ ಎಂದು ಅಣ್ಣ ಹಟ ಹಿಡಿದಿದ್ದ. ಈ ಮದುವೆಯೂ ಅವನ ಪ್ರಕಾರ ಸಾಧ್ಯವಿರಲಿಲ್ಲ.

"ಅವನು ಕೊಯ್ದಿದ್ದಕ್ಕೇ ಹೊಡಿ. ಹೊಸ ರಚನೆ ಕಂಡ್ರೆ ಮದುವೆ ಮಾತು ನಾನೇ ಎತ್ತುತ್ತೀನಿ. ಕಾಣದಿದ್ರೆ ಅವನ ಸುದ್ದಿ ಬೇಡ."

"ಹೊಡೀತೀನಿ, ಅಣ್ಣ. ಮಿಕ್ಕಿದ್ದನ್ನ ನಾನು ಒಪ್ಪಿಲ್ಲ."

ಗನ್ ಗುಡುಗಿತು, ನೆಲ ನಡುಗಿತು. ಎಕ್ಸ್‌ರೇ ಚಿತ್ರ ಪರದೆಗೆ ಬರುವ ಮೊದಲೇ ಅವಳು ಎಲ್ಲರೆದುರು ಹರಳು ಕೊಯ್ದವನ ಕೈ ಹಿಡಿದುಕೊಂಡಳು.

ಚಿತ್ರ ಬಂತು. ಪರಮಾಣುಗಳ ಸಾಲು ತೋರಿಸುವ ಅವೇ ಹಳೆಯ ಚುಕ್ಕಿಗಳು, ಕೊಂಚ ಜರುಗಿದ್ದವು ಅಷ್ಟೆ. ಹೊಸದೊಂದೂ ಇರಲಿಲ್ಲ.

"ಆಯ್ತಲ್ಲ?" ಎಂದ ಅಣ್ಣ.

"ನನ್ನ ಲೆಕ್ಕ ತಪ್ಪಾಯ್ತು, ಮೇಡಂ," ಎಂದು ಅವನು ಮುಖ ಸಣ್ಣದು ಮಾಡಿಕೊಂಡು ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ತಪ್ಪಾಗ್ಲಿ ಬಿಡಿ. ಮನೇಲೂ ತಪ್ಪು ಮಾಡ್ತೀರಿ, ನಾನೂ ಮಾಡ್ತೀನಿ." ಅಣ್ಣನ ಕಡೆ ತಿರುಗಿದಳು. "ಹರಳಿನ ವಿಷಯದಲ್ಲಿ ಇವತ್ತು ನೀನು ಗೆದ್ದೆ. ನಾಳೆ ಇನ್ನೂ ಜೋರಾಗಿ ಹೊಡೀತೀನಿ, ಆಗ ನೋಡೋಣ. ಆದ್ರೆ ಇವರು ಸರಿ ಅಂತ ನಾನು ಇವರನ್ನ ಇಷ್ಟಪಟ್ಟಿದ್ದಲ್ಲ. ನನ್ನ ಮದುವೆಗೆ ಎಕ್ಸ್‌ರೇ ಸಾಕ್ಷಿ ಬೇಕಾಗಿಲ್ಲ."

"ನಾನು ಮದುವೆಗೆ ಬರಲ್ಲ ಅಂದ್ರೆ?" ಎಂದ ಅಣ್ಣ.

"ಬಂದ್ರೆ ನನಗೆ ತುಂಬಾ ಖುಷಿ. ಬರದಿದ್ರೆ ಅಳ್ತೀನಿ. ಅತ್ತುಕೊಂಡೇ ಮದುವೆ ಆಗ್ತೀನಿ."

ಅಷ್ಟು ಹೊತ್ತು ಸಡಿಲವಾಗಿದ್ದ ಅವನ ಬೆರಳುಗಳು ಆಗ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದವು.