ಸರದಾರ ಎಡದ ಎತ್ತು

ಅವತ್ತು ಮುಂಜಾನೆ ಏಳಕ್ಕೇ ರಾಜೇಶ್ವರಿಯ ಫೋನು ಬಡಿದುಕೊಳ್ಳಲು ಶುರುಮಾಡಿತು. ಮೊದಲನೆಯದು ಕೌಜಲಗಿಯಿಂದ, ಎರಡನೆಯದು ಕುಲಗೋಡದಿಂದ, ಮೂರನೆಯದು ಯಾರದೋ ಏನೋ. ಎಲ್ಲರದೂ ಒಂದೇ ಪ್ರಶ್ನೆ, ಪ್ರಶ್ನೆಯ ಬೆನ್ನಿಗೆ ಒಂದೇ ನಗೆ: ಎತ್ತಿನ ಸಾಮಾನು ಮಾರುವವರಿಗೆ ಎತ್ತು ಹೂಡಲು ಬರುವುದಿಲ್ಲವೇ?

ತಪ್ಪು ಅವಳದಾಗಿರಲಿಲ್ಲ. ಮೂಡಲಗಿ ಪೇಟೆಯಲ್ಲಿ ಅವಳದು ಅಪ್ಪನ ಕಾಲದ ಅಂಗಡಿ. ಗೆಜ್ಜೆಸರ, ಹಣೆಗೊಂಡೆ, ಜೂಲ, ಮೂಗುದಾರ, ಎತ್ತಿನ ಮೈಮೇಲೆ ಏರುವುದೆಲ್ಲ ಅಲ್ಲಿ ಸಿಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಮೂರು ವರ್ಷದಿಂದ ಗಲ್ಲೆಗೆ, ದುಡ್ಡಿನ ಪೆಟ್ಟಿಗೆಯ ಮುಂದೆ, ಕೂತವಳು ಅವಳೇ. ಪೇಟೆಯ ಬೋರ್ಡು ಪೇಟೆಗೆ ಬಂದವರಿಗಷ್ಟೇ ಕಾಣುತ್ತದೆ, ಬಾರದವರಿಗೂ ಕಾಣುವ ಬೋರ್ಡೊಂದು ಬೇಕು ಎಂದು ಗೋಕಾಕದ ಕಾಶಿನಾಥನ ಹತ್ತಿರ ವೆಬ್‌ಸೈಟ್ ಮಾಡಿಸಿದ್ದಳು. ಮೊದಲ ಪುಟಕ್ಕೆ ಕುಲಗೋಡದ ಸಿದ್ರಾಯನ ಜೋಡಿಯ ಫೋಟೊ. ಎಡಕ್ಕೆ ಸರದಾರ, ಬಲಕ್ಕೆ ಬಸ್ಯಾ, ಮೈತುಂಬ ಅವಳ ಅಂಗಡಿಯ ಜೂಲ. ಎತ್ತುಗಳು ಪಕ್ಕದಲ್ಲಿ ಬರೆದ ಅಂಗಡಿಯ ಹೆಸರಿನ ಕಡೆ ಮುಖ ಮಾಡಿದರೆ ಚೆಂದ ಎಂದು ಕಾಶಿನಾಥ ಆ ಫೋಟೊವನ್ನು ಕನ್ನಡಿಯಲ್ಲಿ ಕಂಡಹಾಗೆ ತಿರುಗಿಸಿಬಿಟ್ಟಿದ್ದ. ಸರದಾರ ಬಲಕ್ಕೆ ಬಂದ, ಬಸ್ಯಾ ಎಡಕ್ಕೆ ಹೋದ.

ಪೇಟೆಯವರಿಗೆ ಎತ್ತು ಎಂದರೆ ಎತ್ತು, ಮುಗಿಯಿತು. ಒಕ್ಕಲುತನದವರನ್ನು ಕೇಳಿ ನೋಡಿ. ಎಡಕ್ಕೆ ಪಳಗಿದ್ದು ಸಾಯುವ ತನಕ ಎಡಕ್ಕೇ. ಬಲಕ್ಕೆ ಹೂಡಿದರೆ ನೊಗ ಕೊಡವಿ ನಿಂತುಬಿಡುತ್ತದೆ. ಹೆಂಡತಿ ಯಾವ ಕೈಗೆ ವಾಚು ಕಟ್ಟುತ್ತಾಳೆ ಎಂದು ಹೇಳಲಾರದ ಗಂಡಸರು ಸುತ್ತ ಹತ್ತೂರಿನ ಎತ್ತುಗಳ ಎಡಬಲ ಬಾಯಿಪಾಠ ಹೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ಪುಟ ಎಲ್ಲರ ವಾಟ್ಸಾಪಿನಲ್ಲೂ ಓಡಾಡಿತ್ತು. ರಾಜೇಶ್ವರಿ ಗೋಕಾಕದ ಬಸ್ಸು ಹತ್ತಿದಳು.

ಬಸ್ ನಿಲ್ದಾಣದ ಹಿಂದಿನ ಗಲ್ಲಿ, ಮಾಳಿಗೆಯ ಮೇಲೆ ಕಾಶಿನಾಥನ ಕಂಪ್ಯೂಟರ್ ಅಂಗಡಿ. ಅವಳನ್ನು ಕಂಡವನೇ ಎದ್ದು ನಿಂತ, ಕಿವಿಯ ತುದಿ ಕೆಂಪಾಗಿತ್ತು. ಅವನಿಗೂ ಫೋನುಗಳು ಬಂದಿದ್ದವು.

"ನಿಮ್ಮ ಮನ್ಯಾಗ ಎಂದರ ಎತ್ತು ಇದ್ದೂವೇನ್ರಿ?"

"ಇಲ್ರಿ. ಹುಕ್ಕೇರ್ಯಾಗ ಸೀರಿ-ಧೋತರದ ಅರಿವಿ ಅಂಗಡಿ ನಮ್ದು."

"ಅರಿವಿಗಿ ಉಲ್ಟಾ-ಸುಲ್ಟಾ ಇರೂದಿಲ್ಲೇನ್ರಿ ಮತ್ತ?"

"ಇರ್ತೈತ್ರಿ. ಅದು ನಮ್ಮಪ್ಪಗ ತಿಳೀತಿತ್ತು. ನಾ ಅದ್ರಾಗೂ ದಡ್ಡನ."

ಬೈಯಲು ಬಂದವಳ ತುಟಿ ತಾನಾಗಿಯೇ ಸಡಿಲಾಯಿತು. ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಗಂಡಸನ್ನು ಅವಳು ತನ್ನ ಮನೆಯಲ್ಲಂತೂ ಕಂಡಿರಲಿಲ್ಲ. ಅವನು ಫೋಟೊ ತೆಗೆದುಹಾಕಲು ಮೌಸಿಗೆ ಕೈ ಹಾಕಿದ. ಅವಳು ಆ ಕೈಯ ಮೇಲೆ ಕೈ ಇಟ್ಟು ತಡೆದಳು.

"ತಗೀಬ್ಯಾಡ್ರಿ. ಇಷ್ಟು ಮಂದಿ ನಗಾಕತ್ತಾರ ಅಂದ್ರ ಇಷ್ಟು ಮಂದಿ ನೋಡ್ಯಾರ. ದುಡ್ಡು ಕೊಟ್ರೂ ಬರತಿದ್ದಿಲ್ಲ ಇವ್ರು."

ಕೈ ಇನ್ನೂ ಅಲ್ಲೇ ಇದೆ ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವಳು ಹಿಂದಕ್ಕೆ ಎಳೆದುಕೊಂಡಳು. ಅವನು ಮಾತ್ರ ಮೌಸನ್ನು ಆಮೇಲೂ ಸುಮ್ಮನೆ ಹಿಡಿದೇ ಕೂತಿದ್ದ.

ಅವತ್ತೇ ಅವರು ಆ ಫೋಟೊದ ಕೆಳಗೆ ಸರಿಯಾದ ಫೋಟೊ ಹಾಕಿ ಒಂದು ಸವಾಲು ಬರೆದರು. ತಪ್ಪು ನಮ್ಮದು, ಹಿಡಿದವರು ಜಾಣರು, ಜಾಣರೆಲ್ಲ ತಂತಮ್ಮ ಜೋಡಿಯ ಫೋಟೊ ಕಳಿಸಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಎತ್ತಿನ ಹೆಸರು ಸಮೇತ. ಜೋಡಿಗೊಂದು ಪುಟ ಮಾಡೋಣ ಎಂದವನು ಕಾಶಿನಾಥ. ತನ್ನ ಎತ್ತಿನ ಪುಟವನ್ನು ಒಕ್ಕಲಿಗ ತನ್ನ ಬೀಗರಿಗೆಲ್ಲ ಕಳಿಸದೆ ಬಿಡುತ್ತಾನೆಯೇ? ಬೀಗರು ಎತ್ತು ನೋಡುತ್ತಾರೆ, ಎತ್ತಿನ ಮೇಲಿನ ಜೂಲ ನೋಡುತ್ತಾರೆ, ಜೂಲದ ಕೆಳಗೇ ಅಂಗಡಿಯ ನಂಬರು. ಕೂಗಿ ಕರೆಯುವ ಪ್ರಚಾರ ಯಾರಿಗೂ ಬೇಡ, ಅವರವರ ಹೆಮ್ಮೆಯೇ ಸಾಕು.

ಹಾಗೇ ಆಯಿತು. ಎತ್ತು ಸಿಂಗರಿಸುವ ಕಾರಹುಣ್ಣಿಮೆ ಬರುವುದರೊಳಗೆ ಎಂಬತ್ತು ಜೋಡಿ ಸೈಟಿನ ಮೇಲೆ ನಿಂತಿದ್ದವು. ಒಂದು ದಿನವೂ ಮೂಡಲಗಿ ಪೇಟೆ ನೋಡದ, ದೂರದ ದಡ್ಡಿ ಎಂಬ ಊರಿನ ರೈತರು ಗೆಜ್ಜೆಸರ ಹೇಳಿಕಳಿಸಿದರು. ಗಡಿಯ ಆಚೆಯಿಂದ ಮರಾಠಿಯಲ್ಲಿ ಫೋನು ಬಂದವು. ದಿನಾ ಸಂಜೆ ಹೊಸ ಜೋಡಿಗಳ ಹೆಸರು ಹೇಳಲು ಅವಳು ಕಾಶಿನಾಥನಿಗೆ ಫೋನು ಮಾಡುತ್ತಿದ್ದಳು. ಹೆಸರು ಎರಡು ನಿಮಿಷಕ್ಕೆ ಮುಗಿಯುತ್ತಿದ್ದವು. ಫೋನು ಮಾತ್ರ ಮುಗಿಯುತ್ತಿರಲಿಲ್ಲ.

ಇಷ್ಟಾದಾಗ ಎದ್ದು ಬಂದವನು ದುಂಡಪ್ಪ, ಅವಳ ಅಪ್ಪನ ತಮ್ಮ. ಮೊದಲು ಇದೇ ಕಾಕಾ, ಎತ್ತು ಮೊಬೈಲ್ ನೋಡುತ್ತವೆಯೇ ಎಂದು ಪೇಟೆಯ ತುಂಬ ನಕ್ಕಿದ್ದ. ಈಗ ಸೈಟು ತನ್ನ ಮಗ ಶಿವಕುಮಾರನ ಹೆಸರಿಗೆ ಆಗಬೇಕು ಎಂದ. ಹೆಣ್ಣುಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ಅವಳ ಹಿಂದೆ ಅಂಗಡಿಯ ಹೆಸರೂ ಹೋಗಬಾರದು ಎಂಬುದು ಅವನ ನ್ಯಾಯ. ಆಗುವುದಿಲ್ಲ ಎಂದಳು ರಾಜೇಶ್ವರಿ. ಕಾಕಾ ಮತ್ತೆ ಕೇಳಲಿಲ್ಲ. ಮಾರನೆಯ ದಿನ ಗಾಡಿ ಹತ್ತಿ ಗೋಕಾಕಕ್ಕೆ ಹೋಗಿಬಂದ. ಬಂದವನು ಅವಳ ತಾಯಿ ಸುಂದ್ರವ್ವನ ಎದುರಿಗೇ ಹೇಳಿದ:

"ಆ ಕಂಪ್ಯೂಟರ್ ಹುಡುಗಗ ನಿನ್ನ ಸಂಬಂಧ ಕೇಳಿದೆ. ಒಲ್ಲೆ ಅಂದ."

ಸುಂದ್ರವ್ವ ಸೆರಗು ಬಾಯಿಗೆ ಹಿಡಿದಳು. ರಾಜೇಶ್ವರಿ ಅಳಲಿಲ್ಲ. ಅಳು ಬರುವ ಜಾಗದಲ್ಲಿ ಸಿಟ್ಟು ಬಂದು ಕೂತಿತ್ತು. ಒಲ್ಲೆ ಎನ್ನುವವನು ಅಷ್ಟು ಸಂಜೆಗಳು ಊಟ ಆಯಿತೇ ಎಂದು ಯಾಕೆ ಕೇಳಬೇಕಿತ್ತು? ಮರುದಿನ ಬಸ್ಸಿನಲ್ಲಿ, ಎರಡೂ ಕಡೆ ಕಬ್ಬು ಸರಿಯುತ್ತಿರುವಾಗ, ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಮಾಳಿಗೆ ಹತ್ತಿದಾಗ ಒಂದೂ ನೆನಪಿರಲಿಲ್ಲ. ಪಹಣಿ ತೆಗೆಸಲು ಕಾದಿದ್ದ ಮುದುಕನೊಬ್ಬ ಕುರ್ಚಿಯಲ್ಲಿದ್ದ. ಇರಲಿ ಬಿಡು ಎಂದುಕೊಂಡಳು.

"ಒಲ್ಲೆ ಅಂದ್ರಂತ. ನನ್ನ ಮಾರಿ ನೋಡಿ ಅನ್ರಿ ಈಗ."

ಕಾಶಿನಾಥ ಅವಳ ಮುಖವನ್ನೇ ನೋಡಿದ. ಕಣ್ಣು ತಗ್ಗಿಸಲಿಲ್ಲ.

"ನಿಮ್ಮನ್ನ ಒಲ್ಲೆ ಅಂದಿಲ್ರಿ. ನಿಮ್ಮ ಕಾಕಾನ ಕರಾರು ಒಲ್ಲೆ ಅಂದೆ. ಸೈಟಿನ ಪಾಸ್‌ವರ್ಡ್ ನನ್ನ ಕಡೆ ಐತಲ್ರಿ, ಇವತ್ತ ಸೈಟ್ ಶಿವಕುಮಾರನ ಹೆಸರಿಗಿ ಮಾಡಿದ್ರ ಮುಂದಿನ ತಿಂಗಳ ಲಗ್ನದ ನಿಶ್ಚೆ ಅಂದ್ರು."

ಅವಳು ಮೇಜಿನ ಹತ್ತಿರ ಬಂದಳು.

"ಹೂಂ ಅನಬೇಕಿತ್ತಲ್ಲ. ಕೈಯಾಗ ಬಂದಿತ್ತು."

"ಹೆಂಗ ಅನ್ಲಿ? ಕೊಡಾಕ ಸೈಟ್ ನಂದಲ್ಲ. ಕೊಡಾಕ ನೀವೂ ಅವರ ಅಂಗಡಿ ಸಾಮಾನಲ್ಲ."

ಕೆಳಗೆ ಬೀದಿಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಅವಳು ಮುಂದಿನ ಮಾತನ್ನು ಮೆಲ್ಲಗೆ ಕೇಳಿದಳು. ತನಗೆ ಯಾಕೆ ಹೇಳಲಿಲ್ಲ? ನನ್ನ ಸಲುವಾಗಿ ನೀವು ಎಲ್ಲಿ ಸೈಟು ಬಿಟ್ಟುಕೊಡುತ್ತೀರೋ ಎಂದು ಹೆದರಿದೆ ಎಂದ ಅವನು. ಆಗ ಅವಳಿಗೆ ನಗು ಬಂತು, ಹೊಟ್ಟೆಯಿಂದ.

"ನಿಮ್ಮ ಸಲುವಾಗಿ ಅಂಗಡಿ ಬಿಡ್ತಿದ್ನೇನ್ರಿ? ಭಾಳ ಚೆಂದ ಅದೀನಿ ಅಂತ ತಿಳಕೊಂಡೀರಿ ಕಾಣಸ್ತೈತಿ."

"ಹಂಗೇನಿಲ್ರಿ."

"ಇಲ್ಲಿ ಕೇಳ್ರಿ. ಈಗ ಕಾಕಾ ಅಲ್ಲ, ನಾ ಕೇಳಾಕತ್ತೇನಿ. ಅಂಗಡಿ ನಂದು. ಸೈಟ್ ನಂದು. ಲಗ್ನ ಆದಮ್ಯಾಲೂ ದಿನಾ ಮುಂಜಾನಿ ಮೂಡಲಗಿ ಬಸ್ ಹತ್ತಾಕಿ ನಾ. ಇಷ್ಟಕ್ಕ ಒಪ್ಪಿಗಿ ಇದ್ರ ಹೂಂ ಅನ್ರಿ."

ಅವನು ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದ. ಮುದುಕ ಕುರ್ಚಿಯಲ್ಲಿ ಕೆಮ್ಮಿದ.

"ಹೂಂ ಅನ್ನೋ ತಮ್ಮಾ. ನನ್ನ ಪಹಣಿ ತಡಾ ಆಗಾಕತ್ತೈತಿ."

"ಹೂಂ," ಎಂದ ಕಾಶಿನಾಥ. ಆಮೇಲೆ ಅವಳಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಇನ್ನೊಮ್ಮೆ, "ಹೂಂ."

ಮುದುಕನಿಗೆ ಪಹಣಿ ಕೊಟ್ಟು, ಅಂಗಡಿಗೆ ಕೀಲಿ ಹಾಕಿ ಇಬ್ಬರೂ ಒಂದೇ ಬಸ್ಸಿಗೆ ಹತ್ತಿದರು. ಮೂಡಲಗಿಯಲ್ಲಿ ದುಂಡಪ್ಪ ಗಲ್ಲೆಯ ಮೇಲೆ ಕಾಲು ಮಡಚಿ ಕೂತಿದ್ದ. ಹೊಸ್ತಿಲಲ್ಲಿ ಇಬ್ಬರನ್ನೂ ಕಂಡು ಅವನ ಹುಬ್ಬು ಗಂಟಾಯಿತು. ಒಲ್ಲೆ ಎಂದವನು ಏನು ಕೇಳಲು ಬಂದಿದ್ದಾನೆ ಎಂದ.

"ಕೇಳಾಕ ಬಂದಿಲ್ರಿ ಕಾಕಾ, ಹೇಳಾಕ ಬಂದೇವಿ," ಎಂದಳು ರಾಜೇಶ್ವರಿ. "ಲಗ್ನದ ತಾರೀಖು ನಿಮಗ ಅನುಕೂಲ ನೋಡಿ ನೀವ ಹೇಳ್ರಿ. ಹಿರ್ಯಾರು ನೀವು. ಆದ್ರ ಈಗ ಅಲ್ಲಿಂದ ಏಳ್ರಿ. ಅದು ನಾ ಕೂಡೂ ಜಾಗಾ."

ದುಂಡಪ್ಪ ಕಾಶಿನಾಥನ ಕಡೆ ನೋಡಿದ. ಗಂಡಸು ಗಂಡಸಿನ ಮಾತು ಹಿಡಿಯುತ್ತಾನೇನೋ ಎಂದು. ಕಾಶಿನಾಥ ಕದಲಲಿಲ್ಲ. ಪೇಟೆಯ ನಾಲ್ಕು ಮಂದಿ ಆಗಲೇ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ದುಂಡಪ್ಪ ಒಂದು ಕಾಲು ಬಿಡಿಸಿದ. ಆಮೇಲೆ ಇನ್ನೊಂದು. ಧೋತರ ಸರಿಮಾಡಿಕೊಂಡು ಎದ್ದ.