ಬಾಯಾರಿದ ಅಂಗಳ

“ತೆರೆದ ಕಾಲುವೇನೇ ತೋಡೋಣ ಅಕ್ಕಾ. ನೀರು ಕಣ್ಣಿಗೆ ಕಾಣೋ ಹಾಗೆ ಹರೀಲಿ. ಆ ಹಳೇ ಪೈಪಿನ ತಂಟೆಗೆ ಮಾತ್ರ ಹೋಗಬೇಡಿ.”

ಮುದುಕ ಮೇಸ್ತ್ರಿ ಇದನ್ನು ಮೂರನೆಯ ಸಲ ಹೇಳಿದಾಗ ಅವಳು ನಕ್ಕುಬಿಟ್ಟಳು. ಎಲ್ಲರೂ ಅವಳನ್ನು ಮೀಟರಕ್ಕ ಎನ್ನುತ್ತಿದ್ದರು. ಹದಿನೈದು ವರ್ಷದಿಂದ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು ಅವಳ ಕೆಲಸ. ಮೆಟ್ಟಿಲ ಕೆಳಗಿನ ಕತ್ತಲಿಗೆ, ಜೇಡ ಕಟ್ಟಿದ ಪೆಟ್ಟಿಗೆಗಳಿಗೆ ಕೈ ಹಾಕಿ ಹಾಕಿ ಹೆದರಿಕೆಯೆಲ್ಲ ಸವೆದುಹೋಗಿತ್ತು. ಅಂಕಿ ತೋರಿಸಿದರೆ ನಂಬುವವಳು. ಅಂತೆಕಂತೆಗೆ ಕಿವಿ ಕೊಡುವವಳಲ್ಲ.

ಅವಳಿಗೆ ಬೇಕಾದದ್ದು ಒಂದೇ, ಒಣಗಿದ ಮನೆ. ಹೋದ ಬೇಸಿಗೆಯಲ್ಲಿ ಕೊಂಡಾಗ ಲಕ್ಷಣವಾಗಿಯೇ ಇತ್ತು. ಮೊದಲ ಮಳೆಗೆ ಅದರ ಬಣ್ಣ ಬಯಲಾಯಿತು. ಅಂಗಳ ಬೀದಿಗಿಂತ ತಗ್ಗು, ನೆಲದ ಇಳಿಜಾರು, ವಾಟವೆಲ್ಲ ಮನೆಯ ಕಡೆಗೆ. ಬಿದ್ದ ನೀರು ಬಂದು ಗೋಡೆಯ ಬುಡದಲ್ಲೇ ಠಿಕಾಣಿ ಹೂಡುತ್ತಿತ್ತು. ಮೊಣಕಾಲೆತ್ತರಕ್ಕೆ ಕಪ್ಪು ಬೂಷ್ಟು, ಒಳಗೆಲ್ಲ ನೆನೆದ ಗೋಣಿಚೀಲದ ವಾಸನೆ. ತಂಗಿಗೆ ಮೊದಲೇ ಉಬ್ಬಸ. ಆ ಮಳೆಗಾಲವಿಡೀ ಅವಳು ದಿಂಬಿಗೊರಗಿ ಕೂತೇ ಇದ್ದಳು. ಎದೆಯೊಳಗೆ ಯಾರೋ ಸೀಟಿ ಊದಿದಂತೆ ಸದ್ದು. ಇನ್ನೊಂದು ಮಳೆಗಾಲ ಈ ಥಂಡಿಯಲ್ಲಿ ಕಳೆದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ತಂಗಿ, ತಂಗಿಗೆ ಅಕ್ಕ. ಮೂರನೆಯವರಿಲ್ಲ.

ಇಂಗುಗುಂಡಿ ತೋಡಿಸೋಣವೆಂದರೆ ಕೆಳಗೆ ಜೇಡಿಮಣ್ಣು, ಒಂದು ತಂಬಿಗೆ ನೀರೂ ಇಂಗದು. ಕಾಲುವೆಯಾದರೆ ಗೋಡೆಯ ಮಗ್ಗುಲಲ್ಲೇ ಹಾದುಹೋಗಬೇಕು, ತೇವ ತಪ್ಪದು. ಹೀಗೆ ಯೋಚಿಸುವಾಗಲೇ ಮೂಲೆ ಅಗೆದಲ್ಲಿ ಹಳೆಯ ಪೈಪು ಸಿಕ್ಕಿತ್ತು. ಅಂಗಳದಡಿ ಹಿತ್ತಲ ಗೋಡೆಯಾಚೆಗೆ ಹೋಗುವ ದಪ್ಪ ಪೈಪು. ಅವಳೇ ನೀರು ತುಂಬಿದ ಟ್ಯೂಬು ಹಿಡಿದು ಎರಡೂ ಕಡೆಯ ಮಟ್ಟ ನೋಡಿದ್ದಳು. ವಾಟ ಗೆರೆ ಎಳೆದಂತಿತ್ತು. ಅದರ ಬಾಯಿಗೆ ಒಂದು ಮಣ್ಣಿನ ಗಡಿಗೆ ತುರುಕಿದ್ದರು, ಅಷ್ಟೇ. ದಾರಿ ಸರಿಯಿದೆ, ಅಡ್ಡ ಇದ್ದದ್ದನ್ನು ತೆಗೆದರಾಯಿತು ಎಂದು ಅವಳ ಲೆಕ್ಕ.

ಆಗ ಮೇಸ್ತ್ರಿ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. ನಲವತ್ತು ವರ್ಷದ ಹಿಂದೆ ಆ ಪೈಪು ಹಾಕಿದವನು ಅವನೇ. ಹಿಂದಿನ ಯಜಮಾನ ತನ್ನ ಅಂಗಳದ ನೀರನ್ನೆಲ್ಲ ಹಿತ್ತಲಾಚೆ ತಗ್ಗಿನಲ್ಲಿದ್ದ ಗುಡಿಸಲಿಗೆ ತಿರುಗಿಸಿದ್ದ. ಒಂದು ಮಧ್ಯಾಹ್ನ ಆ ಗುಡಿಸಲಿನ ಕೂಸು ಚಾಪೆಯ ಮೇಲಿಂದಲೇ ತೇಲಿಹೋಯಿತು. ತಾಯಿ ಅಳಲಿಲ್ಲವಂತೆ. ಮೂರು ದಿನ ಎಲ್ಲೋ ಹೋಗಿ, ಏನನ್ನೋ ಕಲಿತು ಬಂದು, ಪೈಪಿಗೆ ಬಾಯಿಟ್ಟು ಹೇಳಿದಳಂತೆ.

“‘ನೀರು ಬೇಡ ಅಂದ್ಯಲ್ಲ, ನಿನ್ನ ಮನೇಲಿ ಒಂದು ಹನೀನೂ ನಿಲ್ಲದೇ ಹೋಗ್ಲಿ.’ ಇಷ್ಟೇ ಅಕ್ಕಾ ಅವಳು ಅಂದಿದ್ದು. ಸುರಿಯೋ ಮಳೇಲಿ ಯಜಮಾನ ತರಗೆಲೆ ಹಾಗೆ ಒಣಗಿ ಸತ್ತ. ಆಮೇಲೆ ಮಾಟ ಬಲ್ಲವನೊಬ್ಬ ಬಂದು ಪೈಪಿನ ಬಾಯಿ ಕಟ್ಟಿದ. ಮನೆಯವರ ಮೈದೇ ಏನಾದ್ರೂ ಕೊಟ್ರೆ ಮಾತ್ರ ಅದು ಮುಚ್ಚುತ್ತಂತೆ.”

ಗಡಿಗೆಯನ್ನು ಅವಳೇ ಎಳೆದು ತೆಗೆದಳು. ಅದು ಕೈಜಾರಿ ಒಡೆಯಿತು. ಒಳಗೆ ಹೆಂಗಸಿನದೊಂದು ಜಡೆ, ಆ ಯಜಮಾನನ ಮನೆಯವಳದೇ ಇರಬೇಕು, ಮೊಳೆ ಚುಚ್ಚಿಸಿಕೊಂಡು ಸುರುಳಿ ಸುತ್ತಿತ್ತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು.

ಪೈಪು ಹಾಕಿದ ಮೇಲೆ ಒಂದು ಬಕೆಟ್ ನೀರು ಸುರಿದು, ಆಚೆ ತುದಿಗೆ ಎಷ್ಟು ಎಣಿಕೆಗೆ ಬಂತೆಂದು ನೋಡುವುದು ಮೇಸ್ತ್ರಿಗಳ ಪದ್ಧತಿ. ಅವಳು ಸುರಿದಳು. ಅವನು ಆಚೆ ನಿಂತು ಎಣಿಸಿದ. ಇಪ್ಪತ್ತು. ಐವತ್ತು. ನೂರು. ಹನಿ ಬರಲಿಲ್ಲ. ಇನ್ನೆರಡು ಬಕೆಟ್ ಹೋಯಿತು. ಒಳಗಿನಿಂದ ಗುಟುಕ್, ಗುಟುಕ್ ಎಂಬ ಸದ್ದು ಮಾತ್ರ ಕೇಳಿತು.

“ಪೈಪಿಗೆ ಬಾಯಾರಿಕೆ ಆಗಿದೆ ಮೇಸ್ತ್ರಿ. ಪಾಪ, ಕುಡೀಲಿ ಬಿಡಿ,” ಎಂದಳು.

ಮೇಸ್ತ್ರಿ ನಗಲಿಲ್ಲ. ಗಾರೆ ಬಳಿಯುವ ಕರಣೆಯನ್ನೂ ಎತ್ತಿಕೊಳ್ಳದೆ ಹೋದ. ಅವಳು ಪೈಪಿನ ಬಾಯಿದ್ದ ಗುಂಡಿಯ ಮೇಲೆ ಕಬ್ಬಿಣದ ಜಾಲರಿ ಎಳೆದು ಕೈತೊಳೆದುಕೊಂಡಳು.

ಮಳೆಗಾಲ ಬಂತು. ಅಂಗಳದಲ್ಲಿ ಅಂಗೈಯಗಲ ನೀರೂ ನಿಲ್ಲಲಿಲ್ಲ. ವಾರದಲ್ಲಿ ಬೂಷ್ಟು ಪುಡಿಯಾಗಿ ಉದುರಿತು. ತಂಗಿಯ ಎದೆಯ ಸೀಟಿ ನಿಂತಿತು. ಎಷ್ಟೋ ವರ್ಷದ ಮೇಲೆ ಅವಳು ಕಾಲು ಚಾಚಿ ಮಲಗಿದ್ದನ್ನು ಕಂಡು ಅಕ್ಕನ ಕಣ್ಣು ತುಂಬಿತು. ಆ ಕಣ್ಣೀರು ಕೆನ್ನೆಗಿಳಿಯುವ ಮೊದಲೇ ಆರಿತು. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹಗಲೆಲ್ಲ ಹೊರಗೆ ಸುತ್ತುವವಳಿಗೆ ತಿಳಿಯಲೂ ಇಲ್ಲ. ಮನೆಯಲ್ಲೇ ಇರುವ ತಂಗಿ ಹೇಳುತ್ತಿದ್ದಳು, ತುಂಬಿಸಿಟ್ಟ ಬಕೆಟ್ ಮಧ್ಯಾಹ್ನಕ್ಕೆ ಖಾಲಿ, ಹಾಲು ಪಾತ್ರೆಯಲ್ಲೇ ಹಪ್ಪಳ, ಎಷ್ಟು ಕುಡಿದರೂ ನಾಲಿಗೆ ಮರದ ತುಂಡು. ಅಕ್ಕ, “ಬಕೆಟ್ ತೂತಾಗಿರ್ಬೇಕು ಕಣೇ,” ಎಂದು ಹೊಸದು ತಂದಳು.

ಆ ಮಧ್ಯಾಹ್ನ ಆಕಾಶವೇ ಹರಿದುಬಿತ್ತು. ಬೀದಿಯಲ್ಲಿ ಮೊಣಕಾಲುದ್ದ ನೀರು. ಅವಳು ಅರ್ಧಕ್ಕೇ ಕೆಲಸ ಬಿಟ್ಟು, ತೊಯ್ದು ತೊಪ್ಪೆಯಾಗಿ ಓಡಿಬಂದಳು. ಹೊಸ್ತಿಲು ದಾಟುವಷ್ಟರಲ್ಲಿ ಮೈಮೇಲಿನ ಬಟ್ಟೆ ಗರಿಗರಿಯಾಗಿ ಒಣಗಿತ್ತು.

ಒಳಗೆ ಬಿಸಿ ಹೆಂಚಿನ ವಾಸನೆ. ತಂಗಿ ನೆಲದ ಮೇಲಿದ್ದಳು. ತುಟಿ ಸೀಳಿತ್ತು, ರಕ್ತವಿರಲಿಲ್ಲ. ಅಕ್ಕ ನಲ್ಲಿ ತಿರುಗಿಸಿದಳು. ಬಿದ್ದ ನೀರು ಲೋಟಕ್ಕೆ ತಾಗಲಿಲ್ಲ. ಗಾಳಿಯಲ್ಲೇ ಓರೆಯಾಗಿ, ನೂಲಿನ ಎಳೆಯಂತೆ, ಬಾಗಿಲಿನಿಂದಾಚೆ ಅಂಗಳದ ಮೂಲೆಗೆ ಹರಿಯಿತು.

ಗುಟುಕ್. ಗುಟುಕ್.

“ಅಕ್ಕಾ, ನೀರು,” ಎಂದಳು ತಂಗಿ.

ಅವಳನ್ನು ಎತ್ತಿಕೊಂಡಳು. ಒಣ ತೊಗಟೆಯಷ್ಟು ಹಗುರ. ಗೇಟಿಗೆ ಇಪ್ಪತ್ತೇ ಹೆಜ್ಜೆ. ಅಂಗಳದ ಸುತ್ತ ಮಳೆ ಗೋಡೆ ಕಟ್ಟಿದಂತೆ ಸುರಿಯುತ್ತಿತ್ತು. ಅಂಗಳದ ಮೇಲೆ ಬಿದ್ದ ಹನಿ ನೆಲ ಮುಟ್ಟುತ್ತಿರಲಿಲ್ಲ. ಮಣ್ಣು ಬಿರುಕು ಬಿಟ್ಟಿತ್ತು. ಐದು ಹೆಜ್ಜೆ ಇಟ್ಟಳು. ಬೆವರು ಕಾಲಿನಿಂದಿಳಿದು ಗುಂಡಿಗೆ ಓಡಿತು. ಆರು. ರೆಪ್ಪೆ ಮಿಟುಕಿಸಲಾಗಲಿಲ್ಲ. ಏಳು. ಮಂಡಿ ಕುಸಿಯಿತು. ಗೇಟಿನಾಚೆ ಯಾರೋ ಕೊಡೆ ಹಿಡಿದು ನೀರಿನಲ್ಲಿ ಕಾಲೆಳೆಯುತ್ತ ಹೋದರು. ಕೂಗಿದಳು. ಗಂಟಲಿನಿಂದ ಧೂಳಷ್ಟೇ ಬಂತು. ಕೊಡೆ ತಿರುಗಲಿಲ್ಲ.

ಮನೆಯವರ ಮೈದೇ ಏನಾದರೂ.

ತಂಗಿಯನ್ನು ಮಲಗಿಸಿ ಗುಂಡಿಯತ್ತ ತೆವಳಿದಳು. ಜಾಲರಿ ಕಿತ್ತೆಸೆದಳು. ಮೀಟರಿನ ಸೀಲಿನ ತಂತಿ ಕತ್ತರಿಸುವ ಇಕ್ಕಳ ಸೊಂಟದಲ್ಲೇ ಇತ್ತು. ತನ್ನ ಜಡೆ ಕತ್ತರಿಸಿ ಪೈಪಿಗೆ ತುರುಕಿದಳು. ಒಂದೇ ಗುಟುಕು. ಜಡೆ ಹೋಯಿತು. ಹಿಂದೆ ತಂಗಿಯ ಉಸಿರು ಕಾಗದದಂತೆ ಸರಸರ ಎಂದಿತು. ಆಮೇಲೆ ಆ ಸದ್ದೂ ಇಲ್ಲ.

ಅವಳು ಬಲಗೈ ಹಾಕಿದಳು.

ಮೊಣಕೈವರೆಗೆ ಹಾಕಿದಳು. ಒಳಗೆ ತಣ್ಣಗಿತ್ತು. ಏನೋ ಪುಟ್ಟದು ಅವಳ ಬೆರಳು ಹಿಡಿಯಿತು. ಹಲ್ಲಿಲ್ಲದ ಬಾಯಿ. ಚೀಪಿತು. ಚರ್ಮ ಸುಕ್ಕಿತು. ನರ ಹುರಿಯಾಯಿತು. ನೋವಿಲ್ಲ. ಬಾಯಾರಿಕೆ ಮಾತ್ರ. ಅವಳು ಮುಷ್ಟಿ ಬಿಗಿದಳು. ಬಿಗಿದು, ಇದ್ದಬದ್ದ ಬಲವೆಲ್ಲ ಹಾಕಿ ತಿರುಚಿದಳು.

ಸೌದೆ ಮುರಿದಂತೆ ಸದ್ದಾಯಿತು.

ಕೈ ಮೊಣಕೈಯಲ್ಲಿ ಕಳಚಿ, ಮುಷ್ಟಿ ಪೈಪಿಗೆ ಬಿರಡೆಯಾಗಿ ಕೂತಿತು. ಗುಟುಕು ನಿಂತಿತು. ಆಮೇಲೆ ಅಂಗಳದ ಮೇಲೆ ಮಳೆ ಬಿತ್ತು. ನಿಜವಾದ ಮಳೆ, ಒದ್ದೆ ಮಳೆ. ತಂಗಿ ಬಾಯಿ ತೆರೆದು ಮಲಗಿದಲ್ಲೇ ಕುಡಿದಳು, ಕೆಮ್ಮಿದಳು, ಉಸಿರೆಳೆದಳು.

ಈಗ ಆ ಮನೆಯ ಗೋಡೆ ಮತ್ತೆ ಕಪ್ಪಾಗಿದೆ. ಮೇಸ್ತ್ರಿ ಬಂದು ಕಾಲುವೆ ತೋಡಿಕೊಟ್ಟ. ಮಳೆ ಸುರಿದರೆ ನೀರು ಕಣ್ಣಿಗೆ ಕಾಣುವಂತೆ ಹರಿಯುತ್ತದೆ. ತಂಗಿ ದಿಂಬಿಗೊರಗಿ ಸೀಟಿ ಊದುತ್ತಾಳೆ. ಆ ಸೀಟಿ ಕೇಳಿಸುತ್ತಿರುವವರೆಗೆ ಅಕ್ಕನಿಗೆ ಧೈರ್ಯ. ಕೆಲಸ ಬಿಟ್ಟಾಯಿತು. ಅವಳು ಬೀದಿಯ ತಿರುವು ದಾಟಿದರೆ ಸಾಕು, ಪೈಪಿನಲ್ಲುಳಿದ, ತನಗಿಲ್ಲದ ಕೈಯ ಬೆರಳುಗಳು ಸಡಿಲವಾಗುತ್ತವೆ. ಒಮ್ಮೆ ಔಷಧಿಗೆಂದು ಹೋಗಿ, ಅರ್ಧದಿಂದ ಓಡಿಬಂದಿದ್ದಳು. ಆಮೇಲೆ ಗೇಟು ದಾಟಿಲ್ಲ. ಕಿಟಕಿಯಲ್ಲಿ ಒಂದು ಲೋಟ ನೀರಿಟ್ಟು, ಇಳಿಯುತ್ತದೆಯೇ ಎಂದು ಅದನ್ನೇ ನೋಡುತ್ತ ಕೂರುತ್ತಾಳೆ.

ಮೊನ್ನೆ ಮೀಟರ್ ಓದಲು ಹೊಸ ಹುಡುಗಿ ಬಂದಿದ್ದಳು. ಗೋಡೆ ನೋಡಿ ಮೂಗು ಮುಚ್ಚಿಕೊಂಡು, “ಒಂದು ಪೈಪ್ ಹಾಕ್ಸಿಬಿಡಿ ಅಕ್ಕಾ, ಎಷ್ಟು ಹೊತ್ತಿನ ಕೆಲಸ,” ಎಂದಳು. ಅಕ್ಕ ನಗಲಿಲ್ಲ. ಮಳೆಗಾಲ ಮುಗಿದಿತ್ತು. ಕಾಲುವೆ ಆರಿತ್ತು, ಅದರಡಿಯ ಮಣ್ಣೂ ಬಾಯಾರಿತ್ತು.

ಅವಳು ಕಿಟಕಿಯತ್ತ ತಿರುಗಿದಳು. ಲೋಟದ ನೀರು ಒಂದು ಬೆರಳಿನಷ್ಟು ಇಳಿದಿತ್ತು. ಮಣ್ಣಿನಡಿಯಲ್ಲಿ, ಅವಳ ಕಿರುಬೆರಳು ಮೆಲ್ಲಗೆ ಬಿಚ್ಚಿಕೊಂಡಿತು.