ನೋವು ಮುಚ್ಚಿಡಬೇಡ, ಶನಿಯಾರ

"ಬುಟ್ಟಿ ಕೆಳಗಿಡು! ಇಡು ಅಂದ್ನಲ್ಲ!"

ಉಪ್ಪಿನ ರಾಶಿಯ ಮುಂದೆ ಸಾಲಾಗಿ ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಕೂಗಿದವಳು ಬಂಗಾರಿ. ಅವಳೆದುರು ತುಂಬಿದ ಬುಟ್ಟಿಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು ನಿಂತಿದ್ದವನು ಅಂದೇ ಕೆಲಸಕ್ಕೆ ಸೇರಿದ ಹೊಸಬ, ಶನಿಯಾರ.

"ಎಂತಕೆ? ಎಂತಾ ಆತು?" ಅವನು ಬೆಚ್ಚಿ ಕೇಳಿದ.

"ನಿನ್ನ ಮಣಿಕಟ್ಟು ನೋಡ್ಕ. ಹಿಂದಕ್ಕೆ ಪೂರಾ ಬಗ್ಗಿದು. ಭಾರವೆಲ್ಲ ಅದ್ರ ಮೇಲೇ ಬಿತ್ತು!"

ಶನಿಯಾರ ನಕ್ಕುಬಿಟ್ಟ. "ಕೈಯಲ್ಲಿ ಬಲ ಇದ್ದವ್ರು ಹೆಂಗೆ ಎತ್ತಿದ್ರೂ ಎಂತಾ ಆಗುದಿಲ್ಲ ಮಾರಾಯ್ತಿ."

ಎಲ್ಲರೂ ನಕ್ಕರು. ಬಂಗಾರಿ ಮಾತ್ರ ನಗಲಿಲ್ಲ. ಅವಳ ಮುಖ ಕೆಂಪಾಯಿತು. ಬುಟ್ಟಿಯನ್ನು ತಲೆಗೆ ಏರಿಸಿಕೊಂಡು ಕೊಠಾರದ ಕಡೆ ನಡೆದಳು.

ಅದು ೧೯೬೧ರ ಬೇಸಿಗೆ. ಕುಮಟೆಯ ಹತ್ತಿರದ ಕಾಗಾಲದಲ್ಲಿ ಮಳೆ ಹಿಡಿಯುವ ಮೊದಲು ಆಗರದ ಉಪ್ಪನ್ನೆಲ್ಲ ಕೊಠಾರಕ್ಕೆ ಸೇರಿಸಬೇಕಿತ್ತು. ಹೆಂಗಸರು ತಲೆಯ ಮೇಲೆ ಹೊರುತ್ತಿದ್ದರು. ತುಂಬಿದ ಬುಟ್ಟಿಯನ್ನು ನೆಲದಿಂದ ಎತ್ತಿ ಅವರ ತಲೆಗೆ ಏರಿಸುವುದೇ ಶನಿಯಾರನ ಕೆಲಸ. ದಿನಕ್ಕೆ ಇನ್ನೂರು ಸಲವಾದರೂ ಎತ್ತಬೇಕು.

ಬಂಗಾರಿಗೆ ಸಿಟ್ಟು ಬಂದದ್ದು ಅವನ ನಗುವಿಗಲ್ಲ. ಅವಳ ತಾಯಿ ದೇವಿಯೂ ಹಿಂದೆ ಇದೇ ಕೆಲಸ ಮಾಡಿದ್ದಳು. ಮಣಿಕಟ್ಟು ನೋಯುತ್ತದೆ ಎಂದರೆ ಕೆಲಸ ಹೋದೀತೆಂದು ಹನ್ನೊಂದು ತಿಂಗಳು ಯಾರಿಗೂ ಹೇಳಿರಲಿಲ್ಲ. ಈಗ ಆ ಕೈಯಲ್ಲಿ ಒಂದು ತಂಬಿಗೆ ನೀರೆತ್ತಲೂ ಆಗದು. ಅವ್ವಿಯ ತಲೆ ಬಾಚುವವಳು ಬಂಗಾರಿಯೇ.

'ಇವನಿಗೂ ಹಾಗೇ ಆದರೆ...?'

ಯಾರೋ ಏನೋ, ತನಗೇಕೆ ಈ ಚಿಂತೆ? ಬಂಗಾರಿ ತನ್ನನ್ನೇ ಗದರಿಕೊಂಡಳು. ಆದರೂ ಕಣ್ಣು ಮಾತ್ರ ಮತ್ತೆ ಮತ್ತೆ ಆ ಕೈಗಳ ಕಡೆಗೇ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಶನಿಯಾರ ತಾನಾಗಿಯೇ ಹತ್ತಿರ ಬಂದ.

"ನಿನ್ನೆ ನಗಬಾರ್ದಾಗಿತ್ತು. ನಿನ್ನ ಜೊತೆ ಬುಟ್ಟಿ ಹೊರುವ ನಾಗಕ್ಕ ನಿನ್ನ ಅವ್ವಿಯ ಕತೆ ಹೇಳ್ತು." ಅವನ ದನಿ ಮೆತ್ತಗಿತ್ತು. "ಹೆಂಗೆ ಎತ್ಬೇಕು, ನೀನೇ ಹೇಳು."

ಬಂಗಾರಿಯ ಸಿಟ್ಟು ಅಲ್ಲೇ ಕರಗಿತು.

"ಬುಟ್ಟಿಯ ಅಂಚು ಹಿಡಿಬೇಡ. ಅಡಿಗೆ ಕೈ ಹಾಕು, ಪೂರ್ತಿ ಅಂಗೈ. ಮುಂಗೈ, ಮಣಿಕಟ್ಟು ಎರಡೂ ಒಂದೇ ನೆಟ್ಟಗೆ ಇರ್ಲಿ. ಮೈಗೆ ತಾಗಿಸ್ಕಂಡು, ಮೊಣಕಾಲು ಬಗ್ಗಿಸಿ ಏಳು."

ಅವನು ಎತ್ತಿದ.

"ಹ್ಞಾ, ಹಂಗೇ! ಬಂದ ಕೂಡ್ಲೇ ದೊಡ್ಡ ಬುಟ್ಟಿಗೆ ಕೈ ಹಾಕ್ಬೇಡ. ಮುಂಚೆ ಕೈ ತಿರುಗಿಸಿ ಸಡಿಲ ಮಾಡ್ಕ. ಸಣ್ಣ ಬುಟ್ಟಿ ನಾಲ್ಕು ಎತ್ತು, ಮತ್ತೆ ದೊಡ್ಡದು."

"ಮತ್ತೆ?"

"ಮತ್ತೆ... ನೋವು ಬಂದ್ರೆ ಹೇಳು. ಮುಚ್ಚಿಡಬೇಡ."

ಅವನು ತಲೆಯಾಡಿಸಿದ. ಆ ಕ್ಷಣ ಇಬ್ಬರ ಕಣ್ಣೂ ಸೇರಿದವು... ಬಂಗಾರಿ ಸರ್ರನೆ ಮುಖ ತಿರುಗಿಸಿದಳು.

ಆಮೇಲೆ ದಿನಗಳು ಹೋದದ್ದೇ ತಿಳಿಯಲಿಲ್ಲ. ಅವನು ಭಟ್ಕಳದ ಕಡೆಯ ಕಾಯ್ಕಿಣಿಯವನು. ಮನೆಯಲ್ಲಿ ತಾಯಿ, ತಮ್ಮಂದಿರು. ಬುಟ್ಟಿ ಏರಿಸುವ ಒಂದು ಗಳಿಗೆಯಲ್ಲಿ ಒಂದು ಮಾತು, ಕೊಠಾರಕ್ಕೆ ಹೋಗಿ ಬರುವಷ್ಟರಲ್ಲಿ ಅದಕ್ಕೊಂದು ಉತ್ತರ. ಅವಳಿಗಂತೂ ಬುಟ್ಟಿಯ ಭಾರವೇ ಗೊತ್ತಾಗುತ್ತಿರಲಿಲ್ಲ!

ಆದರೆ ಮೇ ತಿಂಗಳಲ್ಲಿ ಮೋಡ ಕಟ್ಟಿತು. ಆಳುಗಳ ಮೇಲ್ವಿಚಾರಕ, ಮುಕಾದಮ ಮಹಾಗಣಪತಿ ಅವಸರ ಮಾಡತೊಡಗಿದರು. ಬುಟ್ಟಿಗಳು ಇನ್ನೂ ತುಂಬಿ ಬರುತ್ತಿದ್ದವು. ಎತ್ತಿಕೊಡಲು ಎರಡನೆಯ ಜನ ಇಲ್ಲ. ಗಡಿಬಿಡಿಯಲ್ಲಿ ಶನಿಯಾರ ಮತ್ತೆ ಅಂಚು ಹಿಡಿದೇ ಎತ್ತತೊಡಗಿದ.

ಒಂದು ಮಧ್ಯಾಹ್ನ ಬಂಗಾರಿ ನೋಡಿದಳು. ಅವನು ಗಂಜಿಯ ತಟ್ಟೆಯನ್ನು ಎಡಗೈಯಲ್ಲಿ ಹಿಡಿದಿದ್ದ. ಬಲ ಮಣಿಕಟ್ಟು ಊದಿತ್ತು.

"ಶನಿಯಾರ, ನೋವಾ?"

"ಇಲ್ಲ. ಎಂತಾ ಇಲ್ಲ."

ಹೀಗೆಯೇ ಅಲ್ಲವೇ ಅವ್ವಿಯೂ ಹೇಳುತ್ತಿದ್ದುದು! ಬಂಗಾರಿ ಮತ್ತೇನೂ ಕೇಳಲಿಲ್ಲ. ನೇರ ಮುಕಾದಮರ ಬಳಿ ಹೋದಳು.

"ಒಡೆಯರೆ, ಶನಿಯಾರನ ಕೈ ಊದಿದು. ಒಂದು ಹತ್ತು ದಿವ್ಸ ಅವಂಗೆ ಉಪ್ಪಿನ ಗದ್ದೆಗೆ ನೀರು ಬಿಡುವ ಕೆಲ್ಸ ಕೊಡಿ. ಅಲ್ಲಿವರೆಗೆ ಅವ್ನ ಜಾಗದಲ್ಲಿ ನಾನು ಎತ್ತಿಕೊಡ್ತೆ. ಜಾಗ ಮಾತ್ರ ಬೇರೆಯವ್ರಿಗೆ ಕೊಡ್ಬೇಡಿ."

ಮಹಾಗಣಪತಿ ಕೆಟ್ಟ ಮನುಷ್ಯರಲ್ಲ. ಆದರೆ ಮಾತು ಒರಟು. ಸಂಜೆ ಶನಿಯಾರನನ್ನು ಕರೆದು ಎಲ್ಲರೆದುರಿಗೆ ಅರ್ಧ ಮಾತು ಹೇಳಿ ಹೊರಟುಹೋದರು.

"ನಿನ್ನ ಕೈಲಿ ಆಗುದಿಲ್ಲ ಅಂತ ಬಂಗಾರಿ ಹೇಳ್ತು. ನಾಳೆಯಿಂದ ನಿನ್ನ ಜಾಗದಲ್ಲಿ ಅದೇ ನಿಲ್ತದೆ."

ಶನಿಯಾರ ನಿಧಾನವಾಗಿ ತಿರುಗಿ ಬಂಗಾರಿಯನ್ನು ನೋಡಿದ. ಆ ನೋಟ... ಅದರಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ನನ್ನ ಜಾಗ ಬೇಕಿದ್ರೆ ನನ್ನ ಹತ್ರನೇ ಕೇಳ್ಬಹುದಿತ್ತು, ಬಂಗಾರಿ."

"ಅಯ್ಯೋ, ಹಂಗಲ್ಲ, ಕೇಳು..."

ಅವನು ನಿಲ್ಲಲಿಲ್ಲ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಊರಿಗೆ ಹೋದನಂತೆ ಎಂಬ ಸುದ್ದಿ ಬಂತು.

ಬಂಗಾರಿ ಅಳುತ್ತ ಕೂರಲಿಲ್ಲ. ಹೇಳಿದಂತೆ ಅವನ ಜಾಗದಲ್ಲಿ ನಿಂತಳು. ದಿನವೂ ಒಂದೊಂದು ಬುಟ್ಟಿ ಎತ್ತುವಾಗಲೂ ಆಗರದ ಅಗಸೆಬಾಗಿಲ ಕಡೆ ನೋಡಿದಳು. ಹತ್ತು ದಿನ ಕಳೆಯಿತು. ಹದಿನೈದಾಯಿತು.

"ಎಷ್ಟು ದಿವ್ಸ ದಾರಿ ನೋಡ್ತೀ?" ಒಂದು ದಿನ ನಾಗಕ್ಕ ಕೇಳಿದಳು. "ನನ್ನ ಮಗಳನ್ನ ಕೊಟ್ಟದ್ದೂ ಕಾಯ್ಕಿಣಿಗೇ. ನಾನು ಅವಳನ್ನ ನೋಡುಕೆ ಹೊರಟೆ. ಬತ್ಯಾ?"

'ಒಬ್ಬ ಗಂಡಸನ್ನು ಹುಡುಕಿಕೊಂಡು ಹೋಗುವುದೇ? ಜನ ಏನಂದಾರು? ಅವನೇ ಬಾಗಿಲು ಹಾಕಿಕೊಂಡರೆ...?'

ಆದರೂ ಹೊರಟಳು. ಹೊನ್ನಾವರದವರೆಗೆ ಬಸ್ಸು, ಶರಾವತಿ ದಾಟಲು ಲಾಂಚು, ಮತ್ತೆ ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನೂರು ಸಲ ಜೋಡಿಸಿದಳು. ಕಾಯ್ಕಿಣಿಯ ಗದ್ದೆಯ ಅಂಚಿನಲ್ಲಿ ಅವನನ್ನು ಕಂಡಾಗ ಒಂದೂ ನೆನಪಿಗೆ ಬರಲಿಲ್ಲ!

ಅವನು ಬದುವಿನ ಮೇಲೆ ಕುಳಿತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು. ಅವಳನ್ನು ಕಂಡು ದಿಗ್ಗನೆ ಎದ್ದ.

"ಬಂಗಾರೀ... ನೀನು? ಇಲ್ಲಿ?"

ನಾಗಕ್ಕ ಏನೋ ನೆಪ ಹೇಳಿ ಮಗಳ ಮನೆಯ ಕಡೆ ನಡೆದಳು.

"ಕೈ ಹೆಂಗಿದು?"

"ಭಟ್ಕಳದ ಬಂದರದಲ್ಲಿ ಎರಡು ದಿವ್ಸ ಮೂಟೆ ಎತ್ತಿದೆ. ಮತ್ತೂ ಊದ್ತು." ಅವನು ತಲೆ ತಗ್ಗಿಸಿದ. "ನೀನು ಹೇಳಿದ್ದೇ ನಿಜ ಆತು. ನನ್ನ ಕೈಲಿ ಆಗುದಿಲ್ಲ."

"ನಾನು ಹಂಗೆ ಹೇಳ್ಲಿಲ್ಲ!" ಅವಳ ಕಣ್ಣಲ್ಲಿ ನೀರು ತುಂಬಿತು. "ಹತ್ತು ದಿವ್ಸ ನಿನ್ನ ಕೈಗೆ ಆರಾಮ ಕೊಡಿ ಅಂದೆ. ನಿನ್ನ ಜಾಗ ಬೇರೆಯವ್ರಿಗೆ ಹೋಗ್ಬಾರ್ದು ಅಂತ ನಾನು ನಿಂತೆ. ಹತ್ತೊಂಬತ್ತು ದಿವ್ಸ ಆತು, ಶನಿಯಾರ. ಇವತ್ತಿಗೂ ಅದು ನಿನ್ನ ಜಾಗವೇ!"

ಶನಿಯಾರ ಎಡಗೈಯಿಂದ ಹಣೆ ಚಚ್ಚಿಕೊಂಡ. ತಾನು ಎಂಥ ಮೂರ್ಖ! ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ...

"ನೀನು ಎತ್ತಿದ್ಯಾ? ಅಷ್ಟು ದಿವ್ಸ? ನಿನ್ನ ಕೈ?" ಅವನು ಗಾಬರಿಯಿಂದ ಅವಳ ಎರಡೂ ಕೈ ಹಿಡಿದು ತಿರುಗಿಸಿ ನೋಡಿದ.

"ನಂಗೆ ಎಂತಾ ಆಗ್ಲಿಲ್ಲ. ಭಾರದ ಬುಟ್ಟಿಗೆ ನಾಗಕ್ಕನ್ನ ಕರೆದೆ, ಒಬ್ಬಳೇ ಎತ್ಲಿಲ್ಲ. ನೋವು ಅನ್ಸಿದ ದಿವ್ಸ ಕೂತೆ." ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಕೂತ್ರೆ ಎಂತಾ ಮರ್ಯಾದೆ ಹೋಗುದಿಲ್ಲ."

"ಬೇರೆಯವ್ರೆದ್ರಿಗೆ ಹೋದ್ರೆ ಹೋಗ್ಲಿ. ನಿನ್ನೆದ್ರಿಗೆ ಸೋಲುಕೆ ನಂಗೆ ಮನಸ್ಸಿರ್ಲಿಲ್ಲ."

"ಯಾಕೆ?"

"ಯಾಕೆ ಅಂದ್ರೆ..." ಅವನು ಅವಳ ಅಂಗೈಯನ್ನೇ ನೋಡಿದ. "ನಿನ್ನ ಮನೆಗೆ ಹೆಣ್ಣು ಕೇಳುಕೆ ಬರ್ಬೇಕು ಅಂತಿದ್ದೆ. ಕೈಲಾಗದವಂಗೆ ಹೆಣ್ಣು ಯಾರು ಕೊಡ್ತ್ರು?"

ಬಂಗಾರಿಯ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಆದರೆ ತುಟಿಯಲ್ಲಿ ನಗು ಇತ್ತು.

"ನೋವನ್ನ ನನ್ನತ್ರ ಮುಚ್ಚಿಡುವವನ ಮನೆಗೆ ನಾನು ಬರುದಿಲ್ಲ. ಹೇಳ್ಕಂಬವನಾದ್ರೆ... ಬತ್ತೆ."

"ಹೇಳ್ಕಂತೆ. ಸಣ್ಣ ಮುಳ್ಳು ಚುಚ್ಚಿದ್ರೂ ಹೇಳ್ತೆ!" ಅವನು ನಕ್ಕ. ಮರುಗಳಿಗೆಯೇ ಮುಖ ಸಪ್ಪಗಾಯಿತು. "ಆದ್ರೆ ನಿನ್ನ ಅವ್ವಿ? ಅವ್ರು ಬೇಡ ಅಂದ್ರೆ?"

"ಅನ್ನುದಿಲ್ಲ."

"ನಿಂಗೆ ಹೆಂಗೆ ಗೊತ್ತು?"

ಬಂಗಾರಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಮುಖವನ್ನೇ ನೋಡುತ್ತ ಹೇಳಿದಳು:

"ಬೆಳಿಗ್ಗೆ ಹೊರಡುಕೆ ಮುಂಚೆ ಕೇಳ್ಕಂಡೇ ಬಂದೆ!"